ಹಕ್ಕಿಯ ಗೂಡು ಬೇರೆ, ರಾತ್ರಿ ತಂಗುವ ಜಾಗ ಬೇರೆ. ಎರಡನೆಯದಕ್ಕೆ ಏನನ್ನೋಣ?

ಬೇಲೂರಿನ ಯಗಚಿ ಹಿನ್ನೀರಿನ ದಡದಲ್ಲಿ ಸಂಜೆ ಹಕ್ಕಿ ನೋಡುವುದು ನನ್ನ ಅಭ್ಯಾಸ. ಅಲ್ಲಿ ಒಂದು ಪದಕ್ಕೆ ತಡಕಾಡುತ್ತಿದ್ದೇನೆ. ಹಕ್ಕಿಗಳು ಗುಂಪಾಗಿ ಬಂದು, ನಿದ್ದೆ ಮಾಡಿ, ಎದ್ದು ಹೋಗುವ ಜಾಗಕ್ಕೆ ನಿಮ್ಮ ಕಡೆ ಏನನ್ನುತ್ತೀರಿ?

ನಮ್ಮಲ್ಲಿ ಎಲ್ಲರ ಬಾಯಲ್ಲೂ ‘ಗೂಡು’. ‘ಹಕ್ಕಿ ಗೂಡು ಸೇರೋ ಹೊತ್ತಾಯ್ತು’ ಅನ್ನುತ್ತೇವೆ. ಅದು ತಪ್ಪು ಅನ್ನಲಾರೆ. ಕೋಳಿಗೂಡಿನಲ್ಲಿ ಕೋಳಿ ರಾತ್ರಿ ಮಲಗುವುದೇ ತಾನೆ? ದೀಪದ ಗೂಡು, ಜೇನುಗೂಡು, ರೇಷ್ಮೆಗೂಡು, ಎಲ್ಲಕ್ಕೂ ಅದೇ ಪದ. ತೊಂದರೆ ಬಂದದ್ದೂ ಅಲ್ಲೇ. ಹೋದ ವರ್ಷ ಚಿತ್ತೆ ಮಳೆ ಹೊತ್ತಿಗೆ ಶಾಲೆಮಕ್ಕಳಿಗೆ ಒಂದು ಪುಟ ಬರೆದುಕೊಟ್ಟೆ. ‘ನೀರೊಳಗಿನ ಒಣಮರಗಳಲ್ಲಿ ಬೆಳ್ಳಕ್ಕಿಗಳ ಗೂಡು ನೋಡಿ’ ಅಂತಿತ್ತು. ಮಕ್ಕಳು ಬಂದವರೇ ಮೊಟ್ಟೆ ಎಲ್ಲಿ, ಮರಿ ಎಲ್ಲಿ ಅಂತ ಹುಡುಕಿದರು. ಆ ಮರಗಳಲ್ಲಿ ಗೂಡಿನದು ಅನ್ನುವಂಥ ಒಂದು ಕಡ್ಡಿಯೂ ಇರಲಿಲ್ಲ. ಅವರ ಮುಖ ನೋಡಿ ಬೇಜಾರಾಯಿತು.

ಅಲ್ಲಿ ನಡೆಯುವುದು ಹೀಗೆ. ಆರು ಗಂಟೆ ಸುಮಾರಿಗೆ ಬೆಳ್ಳಕ್ಕಿಗಳು ನೀರಿಗೆ ತಾಗುವಷ್ಟು ಕೆಳಗೆ ಸಾಲುಸಾಲಾಗಿ ಬರುತ್ತವೆ. ಒಂದು ಬಂದು ಕೊಂಬೆಯ ತುದಿಗೆ ಕಾಲಿಟ್ಟರೆ ಕೊಂಬೆ ಬಾಗುತ್ತದೆ. ಮೊದಲೇ ಕೂತದ್ದು ಕತ್ತು ಚಾಚಿ ಕುಕ್ಕಲು ಹೋಗುತ್ತದೆ. ಬಂದದ್ದು ಒಂದು ಗೇಣು ಆಚೆ ಸರಿಯುತ್ತದೆ. ಪಕ್ಕದಲ್ಲಿ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಿರುತ್ತದೆ. ಕತ್ತಲಾದ ಮೇಲೂ ಸ್ವಲ್ಪ ಹೊತ್ತು ಗೊರಗೊರ ಸದ್ದು, ಆಮೇಲೆ ಸುಮ್ಮನೆ.

ಹಾಗಾದರೆ ‘ಇರುಳುನೆಲೆ’ ಅನ್ನಬಹುದಲ್ಲ ಅಂತ ಗೆಳೆಯರೊಬ್ಬರು ಹೇಳಿದರು. ಆದರೆ ಬೆಳ್ಳಕ್ಕಿ ಬಂದು ಕೂರುವ ಹೊತ್ತಿಗೇ ರಾತ್ರಿ ಬಕ ಕ್ವಾಕ್ ಅಂತ ಕೂಗುತ್ತ ಮೇಯಲು ಹೊರಡುತ್ತದೆ. ಅದು ಮಲಗುವುದು ಹಗಲಲ್ಲಿ. ಚಳಿಗಾಲಕ್ಕೆ ವಲಸೆ ಬರುವ ಸೂಜಿಬಾಲದ ಬಾತುಗಳೂ ಹಗಲೆಲ್ಲ ನೀರಿನ ನಡುವೆ ತೇಲುತ್ತ ವಿಶ್ರಮಿಸಿ, ಜಾಸ್ತಿ ಮೇಯುವುದು ಕತ್ತಲಲ್ಲೇ. ಅವುಗಳ ಗೂಡು ಇರುವುದು ದೂರದ ಸೈಬೀರಿಯಾ ಕಡೆ. ಇಲ್ಲಿ ಗೂಡು ಕಟ್ಟುವುದೇ ಇಲ್ಲ. ಅದೇ ಲಕ್ಕವಳ್ಳಿಯ ಭದ್ರಾ ಹಿನ್ನೀರು ನೋಡಿ. ಬೇಸಿಗೆಗೆ ನೀರು ಇಳಿದಾಗ ಮೇಲೇಳುವ ದ್ವೀಪಗಳಲ್ಲಿ ರೀವ ಹಕ್ಕಿಗಳು (ಇಂಗ್ಲಿಷಿನಲ್ಲಿ ರಿವರ್ ಟರ್ನ್) ನೆಲದಲ್ಲೇ ಮೊಟ್ಟೆ ಇಡುತ್ತವೆ. ಗೂಡಿನ ಜಾಗ ಅಂದರೆ ಅದು. ಎರಡಕ್ಕೂ ಒಂದೇ ಪದ ಬಳಸಿದರೆ ಓದುವವರಿಗೆ ಏನು ತಿಳಿಯಬೇಕು?

‘ಬೀಡು’ ಚೆಂದದ ಪದ. ಆದರೆ ಬೀಡುಬಿಡುವುದು ಅಂದರೆ ದಿನಗಟ್ಟಲೆ ಉಳಿಯುವುದು. ಬಾತುಗಳು ಇಡೀ ಚಳಿಗಾಲ ಇಲ್ಲಿರುವುದಕ್ಕೆ ಅದು ಸರಿ. ‘ತಂಗುದಾಣ’ ಅಂದ ಕೂಡಲೇ ಬಸ್ಸಿಗೆ ಕಾಯುವ ಜಾಗ ಕಣ್ಣಮುಂದೆ ಬರುತ್ತದೆ. ನನಗೆ ‘ಹಕ್ಕಿತಂಗು’ ಹಿಡಿಸಿದೆ. ಅದರಲ್ಲಿ ಹಗಲು-ಇರುಳಿನ ಕಟ್ಟಿಲ್ಲ, ಮರವೇ ಬೇಕು ಅಂತಲೂ ಇಲ್ಲ. ಕವಲುತೋಕೆಗಳು ಜೊಂಡಿನಲ್ಲಿ ಮಲಗುತ್ತವೆ. ಕಡೂರು ಕಡೆಯ ಕಾವಲುಗಳಿಗೆ, ಅಂದರೆ ಹುಲ್ಲುಗಾವಲುಗಳಿಗೆ, ಬರುವ ‘ಸೆಳೆವ’ ಅನ್ನುವ ಬೇಟೆಹಕ್ಕಿಗಳು ಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತವೆ. ಅವಕ್ಕೂ ಈ ಪದ ಒಪ್ಪುತ್ತದೆ.

‘ತಂಗು’ ಹೀಗೆ ನಾಮಪದವಾಗಿ ನಿಂತರೆ ನಿಮ್ಮ ಕಿವಿಗೆ ಹಿತವಾಗಿದೆಯಾ? ಇನ್ನೊಂದು ಮಾತು. ಕುರಿಗಳನ್ನು ರಾತ್ರಿ ಹೊಲದಲ್ಲಿ ನಿಲ್ಲಿಸುವುದಕ್ಕೆ ‘ಮಂದೆ ಹಾಕುವುದು’ ಅಂತ ಎಷ್ಟು ಚೆನ್ನಾಗಿ ಹೇಳುತ್ತೇವೆ. ಹಕ್ಕಿಗೂ ಅಂಥದ್ದೊಂದು ಮಾತು ಮೀನು ಹಿಡಿಯುವವರ, ಗದ್ದೆ ಕಾಯುವವರ ಬಾಯಲ್ಲಿ ಇರಬೇಕು ಅಲ್ವಾ? ನಿಮ್ಮೂರಿನ ಅಜ್ಜಂದಿರನ್ನು ಒಮ್ಮೆ ಕೇಳಿ ತಿಳಿಸಿ. ಸ್ವಾತಿ ಮಳೆ ಮುಗಿಯುವುದರೊಳಗೆ ಮಕ್ಕಳ ಪುಟ ತಿದ್ದಿ ಕೊಡಬೇಕು.