ಪದಚರ್ಚೆ: ‘ಮಾಟ್’ ಮತ್ತು ‘ಬೇಲಿ’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಪ್ಲೆಶೀ ಎಂಬ ಹಳ್ಳಿಯ ನಾರ್ಮನ್ನರ (1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದವರು) ಕೋಟೆಯ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಈಗ ಗೋಡೆ, ಬುರುಜುಗಳೇನೂ ನಿಂತಿಲ್ಲ. ಮಂಕರಿಯನ್ನು ಬೋರಲು ಹಾಕಿದಂತೆ ಸುಮಾರು 15 ಮೀಟರ್ ಎತ್ತರದ ಮಣ್ಣಿನ ಗುಡ್ಡೆ, ಸುತ್ತ ಅಗಳು (ಕಂದಕ), ಪಕ್ಕದಲ್ಲಿ ಒಡ್ಡು ಸುತ್ತುವರಿದ ಬಯಲು, ನಡುವೆ 15ನೇ ಶತಮಾನದ ಇಟ್ಟಿಗೆ ಸೇತುವೆ, ಇಷ್ಟೇ. ಗುಡ್ಡೆಗೆ ‘ಮಾಟ್’ ಎಂದೂ ಬಯಲಿಗೆ ‘ಬೇಲಿ’ ಎಂದೂ ಹೆಸರು. ಎರಡನೆಯದನ್ನು ಹಾಗೆಯೇ ಉಳಿಸಿದರೆ ಓದುಗರು ಮುಳ್ಳುಬೇಲಿ ಎಂದುಕೊಳ್ಳುತ್ತಾರೆ!

‘ಮಾಟ್’ ಅನ್ನು ‘ಕಂದಕ’ ಎಂದು ಅನುವಾದಿಸಿದ್ದನ್ನು ಒಂದೆಡೆ ನೋಡಿದೆ. ತಪ್ಪು, ಆದರೆ ನಗುವಂಥದ್ದಲ್ಲ. ಹಳೆಯ ಫ್ರೆಂಚಿನಲ್ಲಿ ದಿಬ್ಬ ಎಂಬ ಅರ್ಥವಿದ್ದ ಆ ಪದವೇ ಇಂಗ್ಲಿಷಿನಲ್ಲಿ ಕಂದಕ ಎಂಬ ಅರ್ಥದ ‘ಮೋಟ್’ ಕೂಡ ಆಗಿದೆ. ಅಗಳು ತೋಡಿದ ಮಣ್ಣನ್ನೇ ದಿಬ್ಬಕ್ಕೆ ಒಟ್ಟುತ್ತಿದ್ದರಲ್ಲ, ಹೆಸರು ಗುಡ್ಡೆಯಿಂದ ಗುಂಡಿಗೆ ಜಾರಿತು. ನಾರ್ಮನ್ನರ ಆ ಗೆಲುವಿನ ಕಥೆಯನ್ನು ಬಟ್ಟೆಯ ಮೇಲೆ ಹೆಣೆದಿರುವ ಬಾಯೂ ಕಸೂತಿಪಟದಲ್ಲಿ 1066ರ ಹೇಸ್ಟಿಂಗ್ಸ್ ಕೋಟೆಯ ಕೆಲಸದ ಚಿತ್ರವಿದೆ. ಅಲ್ಲಿನ ಲ್ಯಾಟಿನ್ ಬರಹ ಕೋಟೆಯನ್ನು ‘ಅಗೆಯಲು’ ಅಪ್ಪಣೆಯಾಯಿತು ಎನ್ನುತ್ತದೆ, ಕಟ್ಟಲು ಎನ್ನುವುದಿಲ್ಲ. (ಅದೇ ಚಿತ್ರದಲ್ಲಿ ಇಬ್ಬರು ಕೂಲಿಯವರು ಸಲಿಕೆಯಿಂದ ಒಬ್ಬರ ತಲೆಗೊಬ್ಬರು ಬಾರಿಸುತ್ತಿದ್ದಾರೆ.) ನಮ್ಮ ‘ಅಗಳು’ ಕೂಡ ಅಗೆತದ ಪದವೇ, ತಮಿಳಿನಲ್ಲಿ ‘ಅಗೞ್’ ಎಂದರೆ ತೋಡು.

ಮಾಟ್‌ಗೆ ‘ಕೋಟೆದಿಬ್ಬ’ ಎನ್ನಬಹುದೆಂದು ನನಗೆ ತೋರುತ್ತದೆ. ದಿಬ್ಬವೆಂದರೆ ತಾನಾಗಿ ಎದ್ದದ್ದು ಎಂದು ಆಕ್ಷೇಪಿಸುವವರಿಗೆ ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ನೆನಪಿಸುತ್ತೇನೆ; ಅವು ಮನುಷ್ಯರೇ ಒಟ್ಟಿದವು.

ತೊಡಕಿರುವುದು ಬೇಲಿಯದು. ಲಾಯ, ಕಣಜ, ಅಡುಗೆಮನೆ, ಕಮ್ಮಾರಸಾಲೆ ಎಲ್ಲವೂ ಅಲ್ಲೇ ಇರುತ್ತಿದ್ದವು. ಮೊದಲು ‘ಪೇಟೆ’ ಎಂದು ಬರೆದೆ, ಹೊಡೆದುಹಾಕಿದೆ: ಪ್ಲೆಶೀಯಲ್ಲಿ ಊರಿಗೇ ಬೇರೆಯ ಮಣ್ಣಿನ ಒಡ್ಡಿದೆ, ಪೇಟೆ ಎಂಬ ಮಾತು ಅದಕ್ಕೆ ಒಪ್ಪುತ್ತದೆ. ‘ಪ್ರಾಕಾರ’ ಎಂದರೆ ದೇವಸ್ಥಾನವೇ ಕಣ್ಣಿಗೆ ಬರುತ್ತದೆ. ಸದ್ಯಕ್ಕೆ ‘ಪೌಳಿ’ ಎಂದು ಇಟ್ಟುಕೊಂಡಿದ್ದೇನೆ. ಆದರೆ ಪೌಳಿ ಎಂದರೆ ನಿಮ್ಮ ಕಡೆ ಗೋಡೆಯಷ್ಟೆಯೋ, ಅದರೊಳಗಿನ ಜಾಗವೂ ಸೇರುತ್ತದೆಯೋ?

ಕೊಡಗಿನವರಿಗೆ ಇನ್ನೊಂದು ಪ್ರಶ್ನೆ. ಅಗಳು, ಒಡ್ಡು ಎರಡನ್ನೂ ಸೇರಿಸಿ ಹೇಳಲು ನಿಮ್ಮ ‘ಕಡಂಗ’ವನ್ನು (ಕೊಡಗಿನಲ್ಲಿ ಹಿಂದೆ ತೋಡಿದ ಉದ್ದನೆಯ ಕಂದಕ) ಎರವಲು ಪಡೆಯುವ ಆಸೆ ನನಗೆ. ನೀವು ಕಡಂಗ ಎನ್ನುವಾಗ ಪಕ್ಕದ ಮಣ್ಣಿನ ಏರಿಯೂ ಅದರಲ್ಲಿ ಸೇರುತ್ತದೆಯೇ, ಬರೀ ತೋಡಿದ ಭಾಗವೇ?