ಇಂಟೆಲ್‌ನಿಂದ ಆರ್ಮ್‌ಗೆ ಹೋದವರು ಇದ್ದೀರಾ? ಎಲ್ಲಿ ಎಡವಿದಿರಿ ಹೇಳಿ

ನಮ್ಮದು ಸಣ್ಣ ಕಂಪನಿ. ಹತ್ತು ವರ್ಷ ಹಳೆಯ ಸಿ++ ಬಿಲ್ಲಿಂಗ್ ಸರ್ವರ್, ಜೊತೆಗೆ ಒಂದಿಷ್ಟು ಪೈಥಾನ್. ಎಲ್ಲ ಇಂಟೆಲ್ ಚಿಪ್‌ನ ಮಷಿನ್‌ನಲ್ಲಿ, ಲಿನಕ್ಸ್ ಮೇಲೆ. ಕ್ಲೌಡ್ ಬಿಲ್ ನೋಡಿದ ಬಾಸ್ ಅಮೆಜಾನ್ ಕ್ಲೌಡ್‌ನ ಆರ್ಮ್ ಚಿಪ್ ಗ್ರಾವಿಟಾನ್‌ಗೆ ಹೋಗೋಣ ಅಂತಿದ್ದಾರೆ. ಒಂದು ದಿನ ಕೂತು ಕಂಪೈಲ್ ಮಾಡಿದೆ, ಆಗೇಬಿಟ್ಟಿತು. ಟೆಸ್ಟೂ ಪಾಸ್. ಇಷ್ಟು ಸುಲಭ ಆದದ್ದೇ ಭಯ. ಅನುಭವ ಇದ್ದವರು ಹೇಳಿ.

ಉತ್ತರ: ಭಯ ಇರಲಿ, ಒಳ್ಳೆಯದೇ. ನಮ್ಮದೂ ಹೀಗೇ ತಕರಾರಿಲ್ಲದೆ ಕಂಪೈಲ್ ಆಗಿತ್ತು. ಮೂರನೇ ದಿನ ಒಬ್ಬ ಗ್ರಾಹಕರ ಫೈಲ್ ತೆರೆದರೆ ಒಳಗೆ ಬರೀ ಕಸ. ಹುಡುಕುತ್ತಾ ಹೋದರೆ ಸಿಕ್ಕಿದ್ದು ಬೇಸ್64 (ಫೈಲನ್ನು ಬರೀ ಅಕ್ಷರಗಳಾಗಿ ಬರೆಯುವ ರೀತಿ) ಬಿಡಿಸುವ ಹಳೆಯ ಫಂಕ್ಷನ್. ಅದರಲ್ಲಿ 256 ಖಾನೆಯ ಒಂದು ಟೇಬಲ್. ಬೇಡದ ಅಕ್ಷರಗಳ ಖಾನೆಯಲ್ಲಿ -1. ಸೊನ್ನೆಗಿಂತ ಕಡಿಮೆ ಬಂದರೆ ಆ ಅಕ್ಷರ ಬಿಟ್ಟು ಮುಂದೆ ಹೋಗು, ಅಷ್ಟೇ ಲೆಕ್ಕ. ಟೇಬಲ್‌ನ ಟೈಪ್ ಬರೀ ಚಾರ್, ಅಂದರೆ ಒಂದು ಬೈಟ್; ಸೈನ್ಡ್ (ಮೈನಸ್ ಸಂಖ್ಯೆಯೂ ಹಿಡಿಯುವಂಥದ್ದು) ಹೌದೋ ಅಲ್ಲವೋ ಅಂತ ಬರೆದಿರಲಿಲ್ಲ.

ಇಂಟೆಲ್ ಲಿನಕ್ಸ್‌ನಲ್ಲಿ ಚಾರ್ ಅಂದರೆ -128ರಿಂದ 127. ಆರ್ಮ್ ಲಿನಕ್ಸ್‌ನಲ್ಲಿ 0ಯಿಂದ 255. ಹಾಗಾಗಿ -1 ಹೋಗಿ 255 ಆಗಿ ಕೂತಿತ್ತು. ಬಿಡಬೇಕಾದ ನ್ಯೂಲೈನ್‌ಗಳೆಲ್ಲ ಡೇಟಾ ಜೊತೆ ಸೇರಿಕೊಂಡವು. ನಮ್ಮ ಟೆಸ್ಟ್‌ಗಳಲ್ಲಿ ಇದ್ದದ್ದು ಒಂದೇ ಸಾಲಿನ ಇನ್‌ಪುಟ್, ಅದಕ್ಕೇ ಪಾಸ್! ಚಾರ್ ಎಲ್ಲವನ್ನೂ ಸೈನ್ಡ್ ಎಂದೇ ನೋಡು ಎನ್ನುವ ಫ್ಲ್ಯಾಗ್ (ಆಯ್ಕೆ) ಜಿಸಿಸಿ ಕಂಪೈಲರ್‌ನಲ್ಲಿದೆ. ಸದ್ಯಕ್ಕೆ ಅದನ್ನು ಹಾಕಿ, ಆಮೇಲೆ ಒಂದೊಂದೇ ಸರಿಮಾಡಿ. ಎಮ್1 ಮ್ಯಾಕ್‌ನಲ್ಲಿ ಓಡಿಸಿ ನೋಡಿದ್ದೀನಿ ಅಂತ ನಿಶ್ಚಿಂತೆ ಬೇಡ. ಆಪಲ್ ತನ್ನ ಆರ್ಮ್ ಚಿಪ್‌ನಲ್ಲೂ ಚಾರ್ ಅನ್ನು ಸೈನ್ಡ್ ಆಗಿಯೇ ಉಳಿಸಿಕೊಂಡಿದೆ, ಈ ತಪ್ಪು ಅಲ್ಲಿ ಕಾಣಿಸುವುದೇ ಇಲ್ಲ.

ಇನ್ನೊಬ್ಬರು: ಥ್ರೆಡ್‌ಗಳಿವೆಯಾ, ಅಂದರೆ ಪ್ರೋಗ್ರಾಂನೊಳಗೆ ಒಟ್ಟೊಟ್ಟಿಗೆ ಓಡುವ ಕೆಲಸಗಳು? ಇದ್ದರೆ ಮೊದಲು ಅಲ್ಲಿ ನೋಡಿ. ಒಂದು ಥ್ರೆಡ್ ಡೇಟಾ ಬರೆದು ರೆಡಿ ಅಂತ ಫ್ಲ್ಯಾಗ್ ಎತ್ತುತ್ತದೆ, ಇನ್ನೊಂದು ಫ್ಲ್ಯಾಗ್ ನೋಡಿ ಓದುತ್ತದೆ. ಇಂಟೆಲ್ ಚಿಪ್ ಈ ಎರಡು ಬರಹಗಳ ಕ್ರಮ ಕೆಡಿಸುವುದಿಲ್ಲ. ಆರ್ಮ್‌ಗೆ ಆ ಕಟ್ಟುಪಾಡಿಲ್ಲ. ದರ್ಶಿನಿಯಲ್ಲಿ ನಂಬರ್ ಕೂಗಿದರು ಅಂತ ಹೋದರೆ ತಟ್ಟೆ ಖಾಲಿ, ಹಾಗೆ. ನಮಗೆ ಲಕ್ಷಕ್ಕೊಂದು ಸಲ ಆಗುತ್ತಿತ್ತು, ಅದೂ ಲೋಡ್ ಜಾಸ್ತಿ ಇದ್ದಾಗ ಮಾತ್ರ. ಫ್ಲ್ಯಾಗ್‌ನ ವೇರಿಯಬಲ್‌ಗೆ ವೊಲಟೈಲ್ ಅಂತ ಹಾಕಿದರೆ ಸಾಲದು, ಅದು ಚಿಪ್‌ನ ಕ್ರಮ ಕಾಯುವುದಿಲ್ಲ. ಸಿ++ನ ಆಟಾಮಿಕ್ ಬಳಸಿ, ಕ್ರಮ ಕಾಯಲು ಫ್ಲ್ಯಾಗ್ ಬರೆಯುವಲ್ಲಿ ರಿಲೀಸ್, ಓದುವಲ್ಲಿ ಅಕ್ವೈರ್. ಇಂಥ ಥ್ರೆಡ್ ತಪ್ಪು ಹುಡುಕುವ ಥ್ರೆಡ್ ಸ್ಯಾನಿಟೈಸರ್ ಅನ್ನು ಈಗಿನ ಇಂಟೆಲ್ ಮಷಿನ್‌ನಲ್ಲೇ ಓಡಿಸಿ, ಅರ್ಧಕ್ಕರ್ಧ ಅಲ್ಲೇ ಸಿಗುತ್ತವೆ.

ಮತ್ತೊಬ್ಬರು: ಬಿಲ್ಲಿಂಗ್ ಅಂದಿರಿ, ಅದಕ್ಕೆ ಎರಡು ಮಾತು. ಇಂಟಿಜರನ್ನು (ಪೂರ್ಣಾಂಕ) ಸೊನ್ನೆಯಿಂದ ಭಾಗಿಸಿದರೆ ಇಂಟೆಲ್‌ನಲ್ಲಿ ಪ್ರೋಗ್ರಾಂ ಬಿದ್ದೇಹೋಗುತ್ತದೆ. ಆರ್ಮ್ ಸುಮ್ನೆ 0 ಕೊಟ್ಟು ಮುಂದೆ ಹೋಗುತ್ತದೆ. ಬಿದ್ದಿದ್ದರೆ ಗೊತ್ತಾಗುತ್ತಿತ್ತು, ಅಲ್ವಾ? ಇನ್ನು ದುಡ್ಡನ್ನು ಡಬಲ್‌ನಲ್ಲಿ (ದಶಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ಟೈಪ್) ಇಟ್ಟಿದ್ದರೆ ಹುಷಾರು. ಆರ್ಮ್‌ನಲ್ಲಿ ಜಿಸಿಸಿ ಗುಣಾಕಾರ, ಕೂಡುವಿಕೆ ಎರಡನ್ನೂ ಸೇರಿಸಿ ಒಂದೇ ಏಟಿಗೆ ಮಾಡುತ್ತದೆ, ಮಧ್ಯದ ರೌಂಡಿಂಗ್ ಇಲ್ಲ. ಕೊನೆಯ ಬಿಟ್ ಬೇರೆ ಬಂದು ಅರ್ಧ ಪೈಸೆಯ ಅಂಚಿನಲ್ಲಿ ಇರುವ ಮೊತ್ತ ಆಚೀಚೆ ಆಗಬಹುದು. ಹಾಗೆ ಸೇರಿಸದಂತೆ ತಡೆಯುವ ಫ್ಲ್ಯಾಗೂ ಇದೆ. ಆದರೆ ದುಡ್ಡನ್ನು ಡಬಲ್‌ನಲ್ಲಿ ಇಟ್ಟವರನ್ನು ನಾನಾದರೆ ಮೊದಲು ಬೈಯುತ್ತೇನೆ.

ಇನ್ನೊಬ್ಬರು: ಬಾಸ್‌ಗೆ ನಂಬರ್ ತೋರಿಸುವ ಮುಂಚೆ ಇದು ಗೊತ್ತಿರಲಿ. ಇಂಟೆಲ್ ಮಷಿನ್‌ನಲ್ಲಿ ಸಾಮಾನ್ಯವಾಗಿ ಒಂದು ವಿಸಿಪಿಯು (ಕ್ಲೌಡ್‌ನವರು ಲೆಕ್ಕ ಹಾಕುವ ಪ್ರೊಸೆಸರ್) ಅಂದರೆ ಅರ್ಧ ಕೋರ್, ಒಂದೇ ಕೋರನ್ನು ಹಂಚಿಕೊಳ್ಳುವ ಎರಡು ಹೈಪರ್‌ಥ್ರೆಡ್‌ಗಳಲ್ಲಿ ಒಂದು. ಗ್ರಾವಿಟಾನ್‌ನಲ್ಲಿ ಪೂರ್ತಿ ಕೋರ್. 30 ಪರ್ಸೆಂಟ್ ಲೋಡ್‌ನಲ್ಲಿ ಹೋಲಿಸಿದರೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಮಷಿನ್ ಉಸಿರುಗಟ್ಟುವವರೆಗೆ ಲೋಡ್ ಕೊಟ್ಟು ನೋಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಬರೀ ಚಾರ್‌ನಲ್ಲಿ -1 ಇಟ್ಟ ಜಾಗ ಈಗಾಗಲೇ ಹನ್ನೊಂದು ಸಿಕ್ಕಿವೆ. ದುಡ್ಡು ಡಬಲ್‌ನಲ್ಲೇ ಇದೆ, ಬೈಯಿರಿ. ಇನ್ನೊಂದು ತೊಡಕು: ಪಿಡಿಎಫ್ ಮಾಡುವ ಲೈಬ್ರರಿ ಹೊರಗಿನವರದು. ಸೋರ್ಸ್ ಕೊಟ್ಟಿಲ್ಲ, ಇಂಟೆಲ್ ಬೈನರಿ ಮಾತ್ರ ಇದೆ.

ಉತ್ತರ: ಅದೊಂದನ್ನು ಪ್ರತ್ಯೇಕ ಸರ್ವಿಸ್ ಮಾಡಿ ಚಿಕ್ಕ ಇಂಟೆಲ್ ಮಷಿನ್‌ನಲ್ಲೇ ಬಿಡಿ. ಇಂಟೆಲ್ ಬೈನರಿಯನ್ನು ಆರ್ಮ್ ಮೇಲೆ ಓಡಿಸುವ ಎಮ್ಯುಲೇಟರ್ ಸಹವಾಸ ಬೇಡ, ತುಂಬಾ ನಿಧಾನ. ತಾತ್ಕಾಲಿಕ ಅಂತ ನಾವು ಹಾಗೆ ಬಿಟ್ಟದ್ದು ಎರಡು ವರ್ಷದಿಂದ ಓಡುತ್ತಲೇ ಇದೆ.