ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಗೆದ್ದ ಕುದುರೆ ಹುಲ್ಲಿನ ಮೇಲೂ ಓಡುತ್ತದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ

ನಮಸ್ಕಾರ. ನಾನಿರುವುದು ಇಂಗ್ಲೆಂಡಿನಲ್ಲಿ. ಕೆಲವು ಗೆಳೆಯರ ಜೊತೆ ಸೇರಿ ಒಂದು ರೇಸ್ ಕುದುರೆಯಲ್ಲಿ ಪಾಲು ಹಾಕಿದ್ದೇನೆ. ನಾಲ್ಕು ವರ್ಷದ ಗೆಲ್ಡಿಂಗ್ (ಬೀಜ ತೆಗೆದ ಗಂಡು ಕುದುರೆ), ಒಂದು ಮೈಲಿ ಓಡುತ್ತದೆ. ಕಳೆದ ಅಕ್ಟೋಬರಿನಲ್ಲಿ ಹುಲ್ಲಿನ ಮೇಲೆ ಓಡಿ ಎಲ್ಲರಿಗಿಂತ ಹಿಂದೆ ಬಂತು. ಅವತ್ತು ಮಳೆ ಸುರಿದು ನೆಲ ‘ಹೆವಿ’ (ತೀರಾ ಕೆಸರು) ಆಗಿತ್ತು. ಚಳಿಗಾಲದಲ್ಲಿ ನ್ಯೂಕಾಸಲ್‌ನಲ್ಲೂ ವುಲ್ವರ್‌ಹ್ಯಾಂಪ್ಟನ್‌ನಲ್ಲೂ ಟ್ಯಾಪೆಟಾ ಅನ್ನುವ ಸಿಂಥೆಟಿಕ್ ನೆಲದ ಮೇಲೆ ಗೆದ್ದಿತು. ಈಗ ಮೇ ತಿಂಗಳಲ್ಲಿ ಮತ್ತೆ ಟರ್ಫ್‌ಗೆ (ಹುಲ್ಲಿಗೆ) ಹಾಕೋಣ ಅಂತ ಟ್ರೇನರ್ ಹೇಳುತ್ತಿದ್ದಾರೆ. ನಮ್ಮಲ್ಲಿ ಅರ್ಧ ಜನಕ್ಕೆ ಮನಸ್ಸಿಲ್ಲ. ಇದು ಸಿಂಥೆಟಿಕ್ ಕುದುರೆ, ಸುಮ್ನೆ ಯಾಕೆ ಬದಲಿಸಬೇಕು ಅನ್ನುತ್ತಾರೆ. ಎರಡೂ ನೆಲವನ್ನು ಹತ್ತಿರದಿಂದ ನೋಡಿದವರು ಏನಂತೀರಿ?

ನ್ಯೂಮಾರ್ಕೆಟ್‌ನಿಂದ

ಟ್ರೇನರ್ ಮಾತು ಸರಿ ಸರ್. ಓಡಿಸಿ. ನಾನು ಬೆಂಗಳೂರಿನಲ್ಲಿ ಸವಾರಿ ಕಲಿತವನು. ಈಗ ಇಲ್ಲಿನ ಒಂದು ಲಾಯದಲ್ಲಿ ಬೆಳಗಿನ ಹೊತ್ತು ಕುದುರೆಗಳಿಗೆ ವರ್ಕ್ (ಓಟದ ಅಭ್ಯಾಸ) ಕೊಡುತ್ತೇನೆ. ವಾರದಲ್ಲಿ ಹೆಚ್ಚಿನ ದಿನ ವಾರನ್ ಹಿಲ್‌ನ ಪಾಲಿಟ್ರ್ಯಾಕ್ ಮೇಲೆ, ಕೆಲವು ದಿನ ಹುಲ್ಲಿನ ಮೇಲೆ. ಒಂದೇ ಕುದುರೆಯನ್ನು ಎರಡೂ ಕಡೆ ಓಡಿಸಿದರೆ ವ್ಯತ್ಯಾಸ ಸವಾರನಿಗೆ ಮೈಯಲ್ಲೇ ಗೊತ್ತಾಗುತ್ತದೆ.

ಪಾಲಿಟ್ರ್ಯಾಕ್, ಟ್ಯಾಪೆಟಾ ಎರಡೂ ಮೂಲದಲ್ಲಿ ಮೇಣ ಸವರಿದ ಮರಳು. ಅದಕ್ಕೆ ನಾರು, ರಬ್ಬರ್‌ನಂಥವನ್ನು ಬೆರೆಸಿರುತ್ತಾರೆ. ಮಳೆ ಬಂದರೆ ನೀರು ಕೆಳಗೆ ಇಳಿದು ಹೋಗುತ್ತದೆ. ಹಾಗಾಗಿ ಒಂದು ಹೆಜ್ಜೆಗೂ ಇನ್ನೊಂದಕ್ಕೂ ಜಾಸ್ತಿ ವ್ಯತ್ಯಾಸ ಇರುವುದಿಲ್ಲ. ಗೊರಸು ಎಲ್ಲಿ ಊರಿದರೂ ಹಿಡಿತ ಸಿಗುತ್ತದೆ. ಹುಲ್ಲಿನಲ್ಲಿ ಹಾಗಲ್ಲ. ಒಂದು ಕಡೆ ಬೇರು ಗಟ್ಟಿಯಾಗಿ ಹಿಡಿದಿರುತ್ತದೆ, ಮುಂದಿನ ಹೆಜ್ಜೆಯಲ್ಲೇ ಮಣ್ಣು ಕಿತ್ತು ಬರುತ್ತದೆ. ನೆಲದಲ್ಲಿ ಏರಿಳಿತ ಇದ್ದರೆ ಕುದುರೆ ತಾನೇ ಹೆಜ್ಜೆ ಸರಿಮಾಡಿಕೊಳ್ಳಬೇಕು. ಕೆಲವು ಕುದುರೆಗಳಿಗೆ ಇದೇ ಇಷ್ಟ. ಸಿಂಥೆಟಿಕ್ ಮೇಲೆ ಸೋಮಾರಿಯಾಗಿ ಓಡುವವು ಹುಲ್ಲಿಗೆ ಬಂದ ಕೂಡಲೇ ಕಿವಿ ನಿಮಿರಿಸಿ ಓಡುತ್ತವೆ. ಇನ್ನು ಕೆಲವು ನೆಲ ನಂಬದೆ ಹೆಜ್ಜೆ ಗಿಡ್ಡ ಮಾಡಿಬಿಡುತ್ತವೆ. ಆದ್ದರಿಂದ ರೇಸ್ ಮುಗಿದ ಮೇಲೆ ಜಾಕಿಯನ್ನು ಕೇಳಬೇಕಾದ ಪ್ರಶ್ನೆ ಒಂದೇ: ಕುದುರೆ ಮೈಬಿಟ್ಟು ಓಡಿತಾ, ಇಲ್ಲವಾ? ಎಷ್ಟನೇ ಸ್ಥಾನ ಅನ್ನುವುದು ಆಮೇಲೆ.

ಅಕ್ಟೋಬರ್ ರೇಸ್ ನಿಮ್ಮವರ ತಲೆಯಲ್ಲಿ ಕೂತಿದೆ, ಅಲ್ವಾ? ಅದನ್ನು ಟರ್ಫ್ ಫಲಿತಾಂಶ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಅದು ಕೆಸರಿನ ಫಲಿತಾಂಶ. ಇಲ್ಲಿ ಹುಲ್ಲಿನ ನೆಲಕ್ಕೆ ಫರ್ಮ್‌ (ಗಟ್ಟಿ) ಇಂದ ಹೆವಿವರೆಗೆ ಎಷ್ಟೊಂದು ದರ್ಜೆ ಇದೆ ನೋಡಿ. ಗುಡ್ ಟು ಫರ್ಮ್ ನೆಲಕ್ಕೂ ಹೆವಿ ನೆಲಕ್ಕೂ ಇರುವ ದೂರ, ಟ್ಯಾಪೆಟಾಕ್ಕೂ ಗುಡ್ ಟು ಫರ್ಮ್‌ಗೂ ಇರುವ ದೂರಕ್ಕಿಂತ ದೊಡ್ಡದು. ಇದು ನನ್ನ ಅನುಭವ. ಲಾಯದಲ್ಲಿ ಹಳಬರು ಹೇಳುವುದೂ ಇದನ್ನೇ.

ಒಂದು ಕೆಲಸ ಮಾಡಿ. ಗೆದ್ದ ರೇಸ್‌ಗಳ ವಿಡಿಯೋ ಹಾಕಿ ಮುಂಗಾಲು ಮಾತ್ರ ನೋಡಿ. ಮಂಡಿ ಜಾಸ್ತಿ ಎತ್ತದೆ, ನೆಲಕ್ಕೆ ಹತ್ತಿರವಾಗಿ ಕಾಲು ಚಾಚಿ ಓಡುತ್ತಿದ್ದರೆ ಒಣಗಿದ ಗಟ್ಟಿ ಹುಲ್ಲು ಅದಕ್ಕೆ ಒಗ್ಗುವ ಸಾಧ್ಯತೆ ಹೆಚ್ಚು. ಮಂಡಿಯನ್ನು ಮೇಲೆತ್ತಿ ಗುಂಡಗೆ ಓಡುವ ಕುದುರೆಗಳೇ ಸಾಮಾನ್ಯವಾಗಿ ಮೆತ್ತನೆ ನೆಲದಲ್ಲಿ ಬಾಳುವುದು.

ಸಿಂಥೆಟಿಕ್ ಕುದುರೆ ಅಂತ ಹಣೆಪಟ್ಟಿ ಕಟ್ಟುವವರಿಗೆ ಎನೇಬಲ್ ಅನ್ನುವ ಹೆಣ್ಣು ಕುದುರೆಯ ಹೆಸರು ಹೇಳಿ. ಅವಳ ಮೊದಲ ರೇಸ್ ನಡೆದದ್ದೇ ನ್ಯೂಕಾಸಲ್ ಟ್ಯಾಪೆಟಾ ಮೇಲೆ, 2016ರ ನವೆಂಬರಿನಲ್ಲಿ. ಗೆದ್ದಳು. ಮುಂದಿನ ವರ್ಷ ಹುಲ್ಲಿನ ಮೇಲೆ ಫ್ರಾನ್ಸಿನ ದೊಡ್ಡ ರೇಸ್ ಆರ್ಕ್ ಗೆದ್ದಳು. 2018ರಲ್ಲಿ ಗಾಯದಿಂದ ಚೇತರಿಸಿಕೊಂಡು ಬಂದಾಗ ಕೆಂಪ್ಟನ್ ಪಾಲಿಟ್ರ್ಯಾಕ್ ಮೇಲೆ ಓಡಿ ಗೆದ್ದು, ಅಲ್ಲಿಂದ ನೇರವಾಗಿ ಹೋಗಿ ಇನ್ನೊಂದು ಆರ್ಕ್ ಗೆದ್ದಳು. ಅಂಥ ಕುದುರೆ ಎಲ್ಲರಿಗೂ ಸಿಗುವುದಿಲ್ಲ, ನಿಜ. ಆದರೆ ಅಷ್ಟು ಬೆಲೆಬಾಳುವ ಕುದುರೆಯನ್ನು ಪಾಲಿಟ್ರ್ಯಾಕ್‌ನಿಂದ ಹುಲ್ಲಿಗೆ ಒಯ್ಯಲು ಅವಳ ಟ್ರೇನರ್ ಜಾನ್ ಗಾಸ್ಡೆನ್ ಹಿಂದೆಮುಂದೆ ನೋಡಲಿಲ್ಲ.

ಟ್ರ್ಯಾಕ್ ಆಕಾರವನ್ನೂ ನೋಡಿ. ಇದನ್ನು ಜನ ಮರೆಯುತ್ತಾರೆ. ನ್ಯೂಕಾಸಲ್ ಮೈಲಿ ಒಂದೇ ನೇರ, ಕೊನೆಗೆ ಏರು. ವುಲ್ವರ್‌ಹ್ಯಾಂಪ್ಟನ್ ಚಿಕ್ಕದು, ಎಡಕ್ಕೆ ಬಿಗಿ ತಿರುವು. ನಿಮ್ಮದು ಎರಡರಲ್ಲೂ ಗೆದ್ದಿದೆ ಅಂದರೆ ತಿರುವಿನ ಚಿಂತೆ ಇಲ್ಲ. ಆದರೂ ಮೊದಲ ಸಲಕ್ಕೆ ಎಪ್ಸಮ್‌ನಂಥ ಇಳಿಜಾರಿನ ಟ್ರ್ಯಾಕ್ ಬೇಡ. ಸಮತಟ್ಟಾದ ಕಡೆ, ಅದೇ ಒಂದು ಮೈಲಿಗೆ ಹಾಕಿಸಿ. ಅದಕ್ಕೂ ಮುಂಚೆ ಹುಲ್ಲಿನ ಗ್ಯಾಲಪ್‌ನಲ್ಲಿ (ಅಭ್ಯಾಸದ ಟ್ರ್ಯಾಕ್‌ನಲ್ಲಿ) ಒಂದೆರಡು ಸಲ ಜೋರು ವರ್ಕ್ ಕೊಡಿಸಿ.

ಟೊರೊಂಟೊದಿಂದ

ಮೇಲಿನವರ ಮಾತಿಗೆ ನನ್ನದೂ ಒಂದಿಷ್ಟು. ನಮ್ಮ ವುಡ್‌ಬೈನ್ ರೇಸ್ ಟ್ರ್ಯಾಕ್‌ನಲ್ಲಿ ಟ್ಯಾಪೆಟಾ, ಟರ್ಫ್ ಎರಡೂ ಪಕ್ಕಪಕ್ಕದಲ್ಲೇ ಇವೆ. ಜೋರು ಮಳೆ ಬಂದರೆ ಹುಲ್ಲಿನ ರೇಸ್ ಟ್ಯಾಪೆಟಾಕ್ಕೆ ಹೋಗುವುದೂ ಉಂಟು. ಆಗ ಕೆಲವು ಕುದುರೆಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ಉಳಿದವು ಏನೂ ಆಗದಂತೆ ಓಡುತ್ತವೆ. ಮೊಯ್ರಾ ಅನ್ನುವ ಹೆಣ್ಣು ಕುದುರೆ 2022ರಲ್ಲಿ ಇಲ್ಲಿನ ಕ್ವೀನ್ಸ್ ಪ್ಲೇಟ್ ರೇಸನ್ನು ಟ್ಯಾಪೆಟಾ ಮೇಲೆ ಗೆದ್ದಿತು. 2024ರಲ್ಲಿ ಡೆಲ್ ಮಾರ್‌ಗೆ ಹೋಗಿ ಬ್ರೀಡರ್ಸ್ ಕಪ್‌ನ ಫಿಲ್ಲಿ ಅಂಡ್ ಮೇರ್ ಟರ್ಫ್ (ಹುಲ್ಲಿನ ಮೇಲಿನ ದೊಡ್ಡ ರೇಸ್) ಗೆದ್ದಾಗ ನಾವು ಮನೆಯಲ್ಲಿ ಕೂಗಿದ ಕೂಗು ಬೀದಿಗೆ ಕೇಳಿಸಿರಬೇಕು.

ಸಿಂಥೆಟಿಕ್ ಅಂದರೆ ಅಮೆರಿಕದ ‘ಡರ್ಟ್’ (ಮಣ್ಣಿನ ಟ್ರ್ಯಾಕ್) ಅಂದುಕೊಳ್ಳುವವರು ಇದ್ದಾರೆ. ಅದು ಬೇರೆಯೇ. ಡರ್ಟ್‌ನಲ್ಲಿ ಗೊರಸು ಊರಿದಾಗ ಸ್ವಲ್ಪ ಮುಂದಕ್ಕೆ ಜಾರುತ್ತದೆ, ಹಿಂದಿನ ಕುದುರೆಗಳ ಮುಖಕ್ಕೆ ಮಣ್ಣು ರಾಚುತ್ತದೆ, ಮೊದಲಿನಿಂದಲೇ ವೇಗ ಬೇಕು. ಸಿಂಥೆಟಿಕ್ ರೇಸ್ ನಡೆಯುವ ರೀತಿ ಟರ್ಫ್‌ಗೆ ಹತ್ತಿರ: ಕಾದು ಕೂತು ಕೊನೆಯಲ್ಲಿ ನುಗ್ಗುವವರಿಗೆ ಅವಕಾಶ ಹೆಚ್ಚು. 2008ರಲ್ಲಿ ಸಾಂಟಾ ಅನೀಟಾದಲ್ಲಿ ಪ್ರೊ-ರೈಡ್ ಅನ್ನುವ ಸಿಂಥೆಟಿಕ್ ನೆಲ ಇತ್ತು. ಅಲ್ಲಿ ಬ್ರೀಡರ್ಸ್ ಕಪ್ ಕ್ಲಾಸಿಕ್‌ನಲ್ಲಿ ಮೊದಲ ಎರಡು ಸ್ಥಾನ ಯುರೋಪಿನ ಹುಲ್ಲಿನ ಕುದುರೆಗಳಿಗೆ ಹೋಯಿತು. ರೇವನ್ಸ್ ಪಾಸ್ ಗೆದ್ದಿತು, ಹೆನ್ರಿದನ್ಯಾವಿಗೇಟರ್ ಎರಡನೆಯದು. ಹಿಂದಿನ ವರ್ಷ ಡರ್ಟ್ ಮೇಲೆ ಇದೇ ರೇಸ್ ಗೆದ್ದಿದ್ದ ಕರ್ಲಿನ್ ನಾಲ್ಕನೆಯದಾಗಿ ಬಂತು. ಹುಲ್ಲಿನಿಂದ ಸಿಂಥೆಟಿಕ್‌ಗೆ ಅಷ್ಟು ಸಲೀಸಾಗಿ ಹೋಗಬಹುದಾದರೆ, ವಾಪಸು ಬರುವ ದಾರಿ ಮುಚ್ಚಿದೆ ಅಂತ ಯಾಕೆ ಅಂದುಕೊಳ್ಳಬೇಕು?

ಬೆಂಗಳೂರಿನಿಂದ

ನಮ್ಮಲ್ಲಿ ರೇಸ್ ಹುಲ್ಲಿನ ಮೇಲೆ, ಬೆಳಗಿನ ವರ್ಕ್ ಬಹುಪಾಲು ಮರಳಿನ ಮೇಲೆ. ಮರಳಿನಲ್ಲಿ ಒಳ್ಳೆ ಟೈಮಿಂಗ್ ಕೊಟ್ಟ ಕುದುರೆ ರೇಸ್ ದಿನ ಸಪ್ಪೆಯಾಗುವುದನ್ನೂ, ಮರಳಿನಲ್ಲಿ ಎಳೆದುಕೊಂಡು ಓಡುವ ಕುದುರೆ ಹುಲ್ಲಿನಲ್ಲಿ ಹಾರುವುದನ್ನೂ ನೋಡುತ್ತಲೇ ಇರುತ್ತೇವೆ. ವರ್ಕ್ ಟೈಮಿಂಗ್ ನೋಡಿ ನಿರ್ಧಾರ ಮಾಡಬೇಡಿ. ಜೂನ್ ಮಳೆ ಶುರುವಾದ ಮೇಲೆ ನಾವು ಮೊದಲು ನೋಡುವುದು ನೆಲ ಎಷ್ಟು ಮೆತ್ತಗಿದೆ ಅಂತ ಅಳೆಯುವ ಪೆನೆಟ್ರೊಮೀಟರ್ ರೀಡಿಂಗ್, ಆಮೇಲೆ ಕುದುರೆ ಹೆಸರು. ನಿಮ್ಮಲ್ಲೂ ಗೋಯಿಂಗ್‌ಸ್ಟಿಕ್ ಅಂತ ಒಂದು ಅಳತೆ ಪ್ರಕಟಿಸುತ್ತಾರಲ್ಲ, ರೇಸ್ ಬೆಳಿಗ್ಗೆ ಅದನ್ನು ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಡಿಯೋ ನೋಡಿದೆ. ಮಂಡಿ ಜಾಸ್ತಿ ಎತ್ತುವುದಿಲ್ಲ, ಉದ್ದ ಹೆಜ್ಜೆ. ಇನ್ನೊಂದು ವಿಷಯ. ರೇಟಿಂಗ್ ಪಟ್ಟಿಯಲ್ಲಿ ಇದಕ್ಕೆ ಆಲ್-ವೆದರ್ (ಸಿಂಥೆಟಿಕ್) 74, ಟರ್ಫ್ 66 ಅಂತ ಬೇರೆಬೇರೆ ಇದೆ. ಇದರಿಂದ ಏನಾದರೂ ಉಪಯೋಗ ಇದೆಯಾ?

ಮ್ಯಾಂಚೆಸ್ಟರ್‌ನಿಂದ

ಇದನ್ನು ಮೊದಲೇ ಹೇಳಬೇಕಿತ್ತು ನೀವು! ಎರಡು ನೆಲದಲ್ಲಿ ಓಟ ತೀರಾ ಬೇರೆಯಾಗಿದ್ದರೆ ಇಲ್ಲಿನ ಹ್ಯಾಂಡಿಕ್ಯಾಪರ್ (ಯಾವ ಕುದುರೆ ಎಷ್ಟು ತೂಕ ಹೊರಬೇಕು ಅಂತ ನಿರ್ಧರಿಸುವವರು) ಎರಡು ರೇಟಿಂಗ್ ಇಡುತ್ತಾರೆ. ಒಂದು ಪಾಯಿಂಟ್ ಅಂದರೆ ಒಂದು ಪೌಂಡ್ ತೂಕ. ಚಳಿಗಾಲದಲ್ಲಿ ತೋರಿಸಿದ ಓಟವನ್ನೇ ಹುಲ್ಲಿನ ಮೇಲೂ ತೋರಿಸಿದರೆ ನಿಮ್ಮ ಕುದುರೆ ಎಂಟು ಪೌಂಡ್ ಕಡಿಮೆ ಹೊತ್ತು ಓಡಿದ ಹಾಗೆ. ಮೈಲಿ ರೇಸ್‌ನಲ್ಲಿ ಅದು ಹೆಚ್ಚುಕಡಿಮೆ ನಾಲ್ಕು ಲೆಂತ್ (ಕುದುರೆಯ ಮೈಯುದ್ದ). ಸಿಂಥೆಟಿಕ್‌ನಲ್ಲೇ ಉಳಿದರೆ 74ರ ಭಾರ ಹೊತ್ತು ಬಲವಾದ ಕುದುರೆಗಳ ಎದುರು ಸೆಣಸಬೇಕು. ನಿಮ್ಮ ಪಾಲುದಾರರಿಗೆ ಈ ಲೆಕ್ಕ ತೋರಿಸಿ.

ಇದು ಕೈಯಲ್ಲಿ ಇರುವಾಗಲೇ ಬಳಸಿಕೊಳ್ಳಬೇಕು. ರೇಟಿಂಗ್ ಪ್ರತಿ ಮಂಗಳವಾರ ಹೊಸದಾಗಿ ಬರುತ್ತದೆ. ಹುಲ್ಲಿನ ಮೇಲೆ ಒಂದು ಸಲ ಚೆನ್ನಾಗಿ ಗೆದ್ದರೆ ಆ 66 ಮೇಲೇರುತ್ತದೆ. ಹಾಗಾಗಿ ಮೊದಲ ರೇಸ್‌ಗೇ ಒಳ್ಳೆ ನೆಲ ಸಿಗಬೇಕು. ಫ್ಲ್ಯಾಟ್ (ಅಡೆತಡೆ ಹಾರದ) ರೇಸ್‌ಗೆ 48 ಗಂಟೆ ಮುಂಚೆ ಹೆಸರು ಖಚಿತ ಮಾಡಬೇಕು, ಅಷ್ಟರೊಳಗೆ ಮಳೆ ಬಂದು ನೆಲ ಬದಲಾಗಬಹುದು. ಗುಡ್ ಅಂತ ಇದ್ದದ್ದು ಸಾಫ್ಟ್ ಆದರೆ ಕುದುರೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಅಂತ ಟ್ರೇನರ್‌ಗೆ ಈಗಲೇ ಹೇಳಿಟ್ಟಿರಿ. ಆ ದಿನ ಪಾಲುದಾರರೆಲ್ಲ ಟ್ರ್ಯಾಕ್‌ಗೆ ಬಂದು ನಿಂತಿರುತ್ತಾರೆ, ಆಗ ಹೇಳುವುದು ಕಷ್ಟ.